ಜೀವನಾಂಶದ ಕೇಸಿಗೆ ಉಚಿತ ಕಾನೂನು ನೆರವು: ಎರಡು ಮುಕ್ಕಾಲು ವರ್ಷ ಬಳಸಿದ ಮೇಲೆ

ಹೊಲಿಗೆ ಯಂತ್ರ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗಿ, ಹತ್ತು ಜನರನ್ನು ಕೇಳಿ ಕೊಂಡವಳು ನಾನು. ವಕೀಲರನ್ನು ಹುಡುಕುವ ಹೊತ್ತು ಬಂದಾಗ ಕೇಳಲು ಒಬ್ಬರೂ ಸಿಗಲಿಲ್ಲ. ಸಿಕ್ಕವರು ಹೇಳಿದ್ದು ಒಂದೇ ಮಾತು: ಸರ್ಕಾರ ಕೊಡುವ ವಕೀಲರು ಕೇಸು ನಡೆಸುವುದಿಲ್ಲ, ದುಡ್ಡಿದ್ದರೆ ಸ್ವಂತ ವಕೀಲರನ್ನು ಇಟ್ಟುಕೋ, ಇಲ್ಲದಿದ್ದರೆ ಸುಮ್ಮನಿರು. ದುಡ್ಡಿರಲಿಲ್ಲ, ಸುಮ್ಮನಿರಲೂ ಆಗಲಿಲ್ಲ. 2022ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವನ್ನು ಬಳಸಿದೆ. ಅಂದು ನನಗೆ ಯಾರೂ ಹೇಳದಿದ್ದುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಒಂದು ಅಂಕ ಎಲ್ಲಿ ಹೋಯಿತು ಎಂಬುದೂ ಮುಂದೆ ಬರುತ್ತದೆ.

ನನ್ನ ಪರಿಸ್ಥಿತಿಯನ್ನು ಮೊದಲು ಹೇಳಿಬಿಡುತ್ತೇನೆ. ಗಂಡನ ಮನೆ ಮಲೆನಾಡಿನ ಒಂದು ಹಳ್ಳಿ, ಅಡಿಕೆ ತೋಟದವರು. 2021ರ ನವೆಂಬರ್‌ನಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಜಿಲ್ಲಾ ಕೇಂದ್ರದಲ್ಲಿರುವ ಅಮ್ಮನ ಮನೆಗೆ ಬಂದೆ. ಮಗಳಿಗೆ ಆಗ ಹತ್ತು ವರ್ಷ, ಮಗನಿಗೆ ಐದು. ಮರುವರ್ಷ ಫೆಬ್ರವರಿಯಲ್ಲಿ ಗಂಡನ ಕಡೆಯಿಂದ ವಿಚ್ಛೇದನದ ನೋಟಿಸು ಬಂತು. ನಾನು ಮನೆಯಲ್ಲಿಯೇ ರವಿಕೆ ಹೊಲಿಯುತ್ತೇನೆ. ತಿಂಗಳಿಗೆ ಎಂಟೊಂಬತ್ತು ಸಾವಿರ ಉಳಿಯುತ್ತದೆ.

ದುಡಿಯುವ ಹೆಂಗಸಿಗೆ ಉಚಿತ ವಕೀಲರು ಸಿಗುವುದಿಲ್ಲವೆಂದು ನಾನೂ ನಂಬಿದ್ದೆ. ಅದು ತಪ್ಪು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಣ್ಣುಮಕ್ಕಳು ಮತ್ತು ಮಕ್ಕಳು ಎಂದಷ್ಟೇ ಇದೆ; ಅವರಿಗೆ ಆದಾಯದ ಮಿತಿ ಇಲ್ಲ. ನ್ಯಾಯಾಲಯದ ಆವರಣದಲ್ಲಿಯೇ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕುಗಳಲ್ಲಿಯೂ ಸಮಿತಿ ಇರುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 15100ಕ್ಕೆ ಫೋನ್ ಮಾಡಬಹುದು. ನಾನು ಆಧಾರ್ ಪ್ರತಿ, ಮದುವೆಯ ಆಮಂತ್ರಣ ಪತ್ರಿಕೆ, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಬಂದಿದ್ದ ನೋಟಿಸನ್ನು ಹಿಡಿದುಕೊಂಡು ಹೋದೆ. ಅರ್ಜಿ ಒಂದೇ ಪುಟದ್ದು. ಅರ್ಧ ಗಂಟೆಯಲ್ಲಿ ಮುಗಿಯಿತು.

ಆ ದಿನ ಅರ್ಜಿ ಬರೆಸಿಕೊಂಡವರು ಅಲ್ಲಿನ ಅರೆಕಾನೂನು ಸ್ವಯಂಸೇವಕಿ. ವಕೀಲರಲ್ಲ, ನಿವೃತ್ತ ಶಾಲಾ ಶಿಕ್ಷಕಿ. ಈ ಎರಡು ಮುಕ್ಕಾಲು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಉಪಕಾರವಾದದ್ದು ಅವರು ಹೇಳಿದ ಒಂದು ಕೆಲಸದಿಂದ. "ನೋಡಮ್ಮ, ನೂರು ಪುಟದ ಒಂದು ನೋಟ್ ಬುಕ್ ತೆಗೆದುಕೋ. ನಿನಗೆ ಒಂದು ಭಾಗ, ಮಗಳಿಗೆ ಒಂದು, ಮಗನಿಗೆ ಒಂದು. ಇವತ್ತಿನಿಂದ ಖರ್ಚಾದ ಒಂದೊಂದು ರೂಪಾಯಿಯನ್ನೂ ಯಾರಿಗೆ ಖರ್ಚಾಯಿತೋ ಅವರ ಭಾಗದಲ್ಲಿ ಬರೆ. ಚೀಟಿ ಸಿಕ್ಕರೆ ಅಂಟಿಸು" ಎಂದರು. ನಾನು ನ್ಯಾಯ ಕೇಳಲು ಹೋದರೆ ಇವರು ಮನೆಲೆಕ್ಕ ಕೇಳುತ್ತಿದ್ದಾರಲ್ಲ ಎಂದು ಅಂದು ಬೇಸರವಾಗಿತ್ತು. ಜೀವನಾಂಶವನ್ನು ನ್ಯಾಯಾಲಯ ನಿರ್ಧರಿಸುವುದು ಆ ಮನೆಲೆಕ್ಕದ ಮೇಲೆಯೇ ಎಂಬುದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು.

ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಸೂತ್ರ. ಗಂಡನ ಸಂಬಳದಲ್ಲಿ ಅರ್ಧ ಎನ್ನುತ್ತಾರೆ, ಮೂರರಲ್ಲಿ ಒಂದು ಎನ್ನುತ್ತಾರೆ. ಅಂತಹ ಯಾವ ಸೂತ್ರವೂ ಕಾನೂನಿನಲ್ಲಿ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಗಂಡನ ಕೈಗೆ ಬರುವ ಸಂಬಳದ ಶೇಕಡಾ 25ರಷ್ಟು ಹೆಂಡತಿಗೆ ಸೂಕ್ತ ಎಂದಿದ್ದು ನಿಜ. ವಕೀಲರು ಅದನ್ನು ವಾದಕ್ಕೆ ಬಳಸುತ್ತಾರೆ. ಆದರೆ ನ್ಯಾಯಾಧೀಶರು ನೋಡುವುದು ಬೇರೆ ಬೇರೆ ವಿಷಯಗಳನ್ನು: ಇಬ್ಬರ ನಿಜವಾದ ಆದಾಯ ಮತ್ತು ಆಸ್ತಿ, ಮದುವೆಯಲ್ಲಿದ್ದಾಗ ಬದುಕಿದ್ದ ರೀತಿ, ವಯಸ್ಸು, ಓದು, ಆರೋಗ್ಯ, ಮಕ್ಕಳ ಅಗತ್ಯ, ಸಂಸಾರಕ್ಕಾಗಿ ಹೆಂಡತಿ ಕೆಲಸ ಬಿಟ್ಟಿದ್ದಳೇ ಎಂಬುದು, ಗಂಡನ ಮೇಲಿರುವ ಸಾಲ ಮತ್ತು ಅವನನ್ನೇ ನಂಬಿರುವ ತಂದೆ ತಾಯಿ. ಕೊಡುವವನು ಕುಸಿಯಲೂ ಬಾರದು, ಪಡೆಯುವವಳು ಬೀದಿಗೆ ಬೀಳಲೂ ಬಾರದು. ಇದರ ನಡುವೆ ಒಂದು ಅಂಕಿಯನ್ನು ಹುಡುಕಬೇಕು. ಹಾಗಾಗಿ ಎಲ್ಲವೂ ನಿಂತಿರುವುದು ಎದುರಿಗಿಟ್ಟ ಕಾಗದಗಳ ಮೇಲೆ.

2022ರ ಏಪ್ರಿಲ್ 18ರಂದು ನನ್ನ ಜೀವನಾಂಶದ ಅರ್ಜಿ ಕೌಟುಂಬಿಕ ನ್ಯಾಯಾಲಯಕ್ಕೆ ಸಲ್ಲಿಕೆಯಾಯಿತು. ವಿಚ್ಛೇದನದ ಕೇಸು ಎಂ.ಸಿ. (ವೈವಾಹಿಕ ಪ್ರಕರಣ) ನಂಬರಿನಲ್ಲಿ ಇತ್ತು, ನನ್ನದು ಕ್ರಿಮಿನಲ್ ಮಿಸಲೇನಿಯಸ್. ಅಂದು ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಹೊಸದಾಗಿ ಹಾಕುವವರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಕ್ರಿಮಿನಲ್ ಎಂಬ ಶಬ್ದ ಕೇಳಿ ಅಮ್ಮ ಹೆದರಿದ್ದರು. ಅದು ಕೇವಲ ನೋಂದಣಿಯ ಹೆಸರು, ಯಾರನ್ನೂ ಅಪರಾಧಿ ಎನ್ನುವುದಿಲ್ಲ.

ಈಗ ಆ ಒಂದು ಅಂಕದ ವಿಷಯ. ನನಗೆ ಮೊದಲು ನೇಮಿಸಿದ ವಕೀಲರು ಅರ್ಜಿಯನ್ನು ಚೆನ್ನಾಗಿಯೇ ಬರೆದರು. ಆಮೇಲೆ ಸತತವಾಗಿ ಮೂರು ವಾಯಿದೆಗೆ ಬರಲಿಲ್ಲ. ಮಗನಿಗೆ ಉಬ್ಬಸ. ಮಳೆಗಾಲದಲ್ಲಿ ಅವನನ್ನು ಅಮ್ಮನ ಬಳಿ ಬಿಟ್ಟು, ಹೊಲಿಯಲು ಬಂದ ಬಟ್ಟೆಯನ್ನು ಹಾಗೆಯೇ ಮಡಚಿಟ್ಟು, ಬೆಳಗ್ಗೆ ಹತ್ತೂವರೆಯಿಂದ ಬೆಂಚಿನ ಮೇಲೆ ಕುಳಿತಿರುತ್ತಿದ್ದೆ. ಹೆಸರು ಕೂಗುತ್ತಿದ್ದರು, ನಾನೊಬ್ಬಳೇ ಒಳಗೆ ಹೋಗಿ ನಿಲ್ಲುತ್ತಿದ್ದೆ, ಮುಂದಿನ ತಾರೀಖು ಬರೆಸಿಕೊಂಡು ಹೊರಗೆ ಬರುತ್ತಿದ್ದೆ. ಉಚಿತವಾಗಿ ಸಿಕ್ಕಿದ್ದನ್ನು ಪ್ರಶ್ನಿಸಬಾರದೇನೋ ಎಂಬ ಅಳುಕಿನಲ್ಲಿ ನಾಲ್ಕು ತಿಂಗಳು ಕಳೆದೆ. ಆ ಅಳುಕು ಯಾರಿಗೂ ಬೇಡ. ಅವರಿಗೆ ಪ್ರಾಧಿಕಾರವೇ ಸಂಭಾವನೆ ಕೊಡುತ್ತದೆ. ವಕೀಲರನ್ನು ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಬಹುದು. ವಕೀಲರು ಬಾರದೆ ಇದ್ದ ಮೂರು ದಿನಾಂಕಗಳನ್ನು ಬರೆದು ನಾನು ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ಅರ್ಜಿ ಕೊಟ್ಟೆ. ಹನ್ನೆರಡು ದಿನಗಳಲ್ಲಿ ಬೇರೆ ವಕೀಲೆ ಬಂದರು. ಹನ್ನೆರಡು ದಿನಗಳ ಕೆಲಸಕ್ಕೆ ನಾಲ್ಕು ತಿಂಗಳು ಹೋಯಿತು. ತಾವು ನೇಮಿಸಿದವರು ವಾಯಿದೆಗೆ ಹೋದರೇ ಎಂದು ಕಚೇರಿಯೇ ನೋಡಿಕೊಳ್ಳಬೇಕು, ಅದನ್ನು ಹೇಳುವ ಹೊಣೆ ನನ್ನಂಥವರ ಮೇಲೆ ಬೀಳಬಾರದು.

ಇನ್ನೊಂದು ಸಣ್ಣ ಕೊರತೆ: ಬೆರಳಚ್ಚು, ನೋಟಿಸಿನ ಶುಲ್ಕ, ದೃಢೀಕೃತ ನಕಲಿನ ಖರ್ಚು ಎಲ್ಲವೂ ನೆರವಿನಲ್ಲಿಯೇ ಸೇರುತ್ತವೆ ಎಂದು ಆರಂಭದಲ್ಲಿ ಯಾರೂ ತಿಳಿಸಲಿಲ್ಲ. ಏಳುನೂರು ರೂಪಾಯಿ ಕೈಯಿಂದ ಹಾಕಿದ ಮೇಲೆ ತಿಳಿಯಿತು.

ಹೊಸ ವಕೀಲೆ ಬಂದ ಮೇಲೆ ಕೇಸಿಗೆ ಜೀವ ಬಂತು. ನನ್ನ ನೋಟ್ ಬುಕ್ಕನ್ನು ಇಸಿದುಕೊಂಡು ಪೂರ್ತಿ ಓದಿದರು. "ಇಷ್ಟು ಸಾಕು, ಇನ್ನು ಅವರದನ್ನು ತರಿಸೋಣ" ಎಂದರು.

ಇಲ್ಲಿ 2020ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ವಿಷಯವನ್ನು ಹೇಳಲೇಬೇಕು. ರಜನೇಶ್ ಮತ್ತು ನೇಹಾ ಎಂಬ ಹೆಸರಿನ ಪ್ರಕರಣ ಅದು. ಜೀವನಾಂಶ ಕೇಳುವವರು, ಕೊಡಬೇಕಾದವರು ಇಬ್ಬರೂ ತಮ್ಮ ಆದಾಯ, ಆಸ್ತಿ, ಹೊಣೆಗಾರಿಕೆಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕು ಎಂದು ಆ ತೀರ್ಪು ಹೇಳಿತು. ಅದಕ್ಕೆ ನಮೂನೆಗಳನ್ನೂ ಜೋಡಿಸಿತು. ನಗರದವರಿಗೆ, ಕೃಷಿಯಲ್ಲದ ಬದುಕಿನವರಿಗೆ ಒಂದು, ಕೃಷಿಕರಿಗೆ ಇನ್ನೊಂದು. ಆ ಎರಡನೆಯ ನಮೂನೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಆಸರೆ ಎಂಬುದು ಅದನ್ನು ಓದಿದರೆ ತಿಳಿಯುತ್ತದೆ. ಜಮೀನು ಎಷ್ಟು, ಎಲ್ಲಿ, ತರಿಯೋ ಖುಷ್ಕಿಯೋ, ಏನು ಬೆಳೆ, ಹಿಂದಿನ ಮೂರು ವರ್ಷ ಅದರಿಂದ ಬಂದ ಆದಾಯವೆಷ್ಟು, ಗೇಣಿಗೆ ಮಾಡುತ್ತಿರುವ ಭೂಮಿ ಇದೆಯೇ, ಎಮ್ಮೆ, ಹಸು, ಮೇಕೆ, ಕೋಳಿ, ಜೇನು ಏನೇನಿದೆ, ಜಮೀನಿನ ಮೇಲೆ ಸಾಲವಿದೆಯೇ ಎಂದೆಲ್ಲ ಕೇಳುತ್ತದೆ.

ನನ್ನ ಗಂಡನ ಕಡೆಯವರು ಸಲ್ಲಿಸಿದ್ದು ಮೊದಲನೆಯ ನಮೂನೆ. ಉದ್ಯೋಗದ ಜಾಗದಲ್ಲಿ ತಂದೆಯ ತೋಟದಲ್ಲಿ ಕೂಲಿ ಎಂದಿತ್ತು, ವಾರ್ಷಿಕ ಆದಾಯ 1,20,000 ರೂಪಾಯಿ. ಹನ್ನೆರಡು ವರ್ಷ ಆ ತೋಟದ ಕೊನೆಕೊಯ್ಲಿಗೆ ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸಿದವಳು ನಾನು. ಸುಲಿದ ಅಡಿಕೆ ಬೇಯುವ ಹಂಡೆಯ ಮುಂದೆ ರಾತ್ರಿ ಎಚ್ಚರವಿದ್ದವಳು. ಆ ಕಾಗದವನ್ನು ಓದಿದಾಗ ದುಡ್ಡಿಗಿಂತ ಹೆಚ್ಚಾಗಿ ಆ ಹನ್ನೆರಡು ವರ್ಷಗಳನ್ನೇ ಯಾರೋ ಅಳಿಸಿದಂತೆ ಆಯಿತು. ವಕೀಲೆ ಆಕ್ಷೇಪಣೆ ಸಲ್ಲಿಸಿ, ಕೃಷಿಕರ ನಮೂನೆಯನ್ನೇ ಕೊಡಬೇಕೆಂದು ಕೇಳಿದರು. ನ್ಯಾಯಾಲಯ ಒಪ್ಪಿತು.

ಆಮೇಲಿನ ಕೆಲಸದಲ್ಲಿ ಅರ್ಧ ನನ್ನದು. ಪಹಣಿ ತೆಗೆಸಿದೆ, ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ಗಂಡನ ಹೆಸರಿನಲ್ಲಿಯೇ 3 ಎಕರೆ 12 ಗುಂಟೆ ಇದ್ದದ್ದು ನನಗೆ ತಿಳಿದಿತ್ತು. ಈಗಿನ ಪಹಣಿಯಲ್ಲಿ 2 ಎಕರೆ 12 ಗುಂಟೆ ಎಂದಿತ್ತು. ವಕೀಲೆ ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ ತೆಗೆಸಲು ಹೇಳಿದರು. ಒಂದು ಎಕರೆ ದಾನಪತ್ರದ ಮೂಲಕ ತಮ್ಮನ ಹೆಸರಿಗೆ ಹೋಗಿತ್ತು, ನನ್ನ ಕೇಸಿನ ನೋಟಿಸು ಅವರ ಕೈಸೇರಿದ ಎರಡು ತಿಂಗಳ ಮೇಲೆ. ತೀರ್ಪಿನಲ್ಲಿ ನ್ಯಾಯಾಧೀಶರು ಆ ದಿನಾಂಕವನ್ನು ಎತ್ತಿ ಬರೆದಿದ್ದಾರೆ.

ಇನ್ನೊಂದು, ಕಾರಿನ ಸಾಲ. 2020ರಲ್ಲಿ ಕಾರು ಕೊಂಡಾಗ ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲಿ ಆದಾಯ ಬರೆದಿರಲೇಬೇಕಲ್ಲ. ಆ ಅರ್ಜಿಯನ್ನು ತರಿಸಿಕೊಡಿ ಎಂದು ನ್ಯಾಯಾಲಯವನ್ನು ಕೇಳಿದೆವು, ಬ್ಯಾಂಕಿನಿಂದ ಬಂತು. ತೋಟ ಮತ್ತು ಪೇಟೆಯ ಮಳಿಗೆ ಬಾಡಿಗೆ ಸೇರಿ ವರ್ಷಕ್ಕೆ 7,20,000 ರೂಪಾಯಿ ಎಂದು ಅವರೇ ಸಹಿ ಮಾಡಿದ್ದರು. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು: ಸಾಲ ಕೇಳುವಾಗ ಗಂಡಸರು ಆದಾಯವನ್ನು ಮುಚ್ಚಿಡುವುದಿಲ್ಲ. ಮನೆಗೆ, ಕಾರಿಗೆ, ಟ್ರ್ಯಾಕ್ಟರಿಗೆ ಯಾವ ಬ್ಯಾಂಕಿನಲ್ಲಿ ಸಾಲ ಮಾಡಿದ್ದರು, ಅಡಿಕೆಯನ್ನು ಯಾವ ಸಹಕಾರ ಸಂಘಕ್ಕೆ ಹಾಕುತ್ತಿದ್ದರು ಎಂಬುದನ್ನು ನೆನಪು ಮಾಡಿ ಬರೆದಿಟ್ಟುಕೊಳ್ಳಿ.

ನನ್ನ ಪ್ರಮಾಣಪತ್ರದಲ್ಲಿ ಹೊಲಿಗೆಯ ಆದಾಯವನ್ನು ಬರೆಯುವುದೋ ಬೇಡವೋ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದರು ಅಣ್ಣ. ವಕೀಲೆ ಸ್ಪಷ್ಟವಾಗಿ ಹೇಳಿದರು: ಪ್ರಮಾಣ ಮಾಡಿ ಸುಳ್ಳು ಬರೆದರೆ ಅದೇ ಬೇರೆ ಅಪರಾಧವಾಗುತ್ತದೆ; ಅಲ್ಲದೆ ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ನೂರು ಪುಟದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಬರೆದೆ. ಪಾಟಿ ಸವಾಲಿನ ದಿನ ಅದೇ ನನ್ನನ್ನು ಕಾಯಿತು.

ಎದುರು ವಕೀಲರು, ಒಂದು ರವಿಕೆಗೆ ನಾನೂರು ರೂಪಾಯಿ, ದಿನಕ್ಕೆ ಐದು ಹೊಲಿದರೆ ತಿಂಗಳಿಗೆ ಅರವತ್ತು ಸಾವಿರವಾಯಿತಲ್ಲ ಎಂದು ಕೇಳಿದರು. ನಾನು ಆರ್ಡರ್ ಪುಸ್ತಕವನ್ನು ತೋರಿಸಿದೆ. ವೈಶಾಖದಲ್ಲಿ ಮದುವೆಯ ಕೆಲಸ ಕೈತುಂಬ ಇರುತ್ತದೆ, ಆಷಾಢದಲ್ಲಿ ಖಾಲಿ, ಪಿತೃಪಕ್ಷದಲ್ಲಿ ಖಾಲಿ. ಜುಲೈನಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಲೈನಿಂಗ್ ಬಟ್ಟೆ, ದಾರ, ಹುಕ್ಕು ನನ್ನ ಖರ್ಚು. ಕಸೂತಿ ಕೆಲಸವನ್ನು ಬೇರೆಯವರಿಗೆ ಕೊಟ್ಟು ಅವರಿಗೂ ಹಣ ಕೊಡಬೇಕು. ನ್ಯಾಯಾಧೀಶರು ಪುಸ್ತಕವನ್ನು ತರಿಸಿಕೊಂಡು ಪುಟ ತಿರುವಿದರು. ತೀರ್ಪಿನಲ್ಲಿ ನನ್ನ ಆದಾಯವನ್ನು ಸರಾಸರಿ 9,000 ಎಂದು ಹಿಡಿದರು. ಗಳಿಸಬಲ್ಲಳು ಎನ್ನುವುದು ಬೇರೆ, ಗಳಿಸುತ್ತಿದ್ದಾಳೆ ಎನ್ನುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದನ್ನು ನಮ್ಮ ವಕೀಲೆ ವಾದದಲ್ಲಿ ಎತ್ತಿದ್ದರು. ಹೆಂಡತಿ ಸ್ವಲ್ಪ ದುಡಿಯುತ್ತಾಳೆ ಎಂದ ಮಾತ್ರಕ್ಕೆ ಜೀವನಾಂಶ ನಿಂತುಹೋಗುವುದಿಲ್ಲ, ಲೆಕ್ಕಕ್ಕೆ ಬರುತ್ತದೆ ಅಷ್ಟೆ.

ನಡುವೆ ಮಧ್ಯಸ್ಥಿಕೆಗೆ ಕಳುಹಿಸಿದರು. ಅಲ್ಲಿ ಕುಳಿತು ಮಾತನಾಡಿದ ವಾತಾವರಣ ಚೆನ್ನಾಗಿಯೇ ಇತ್ತು, ಯಾರೂ ನನ್ನನ್ನು ಬೈಯಲಿಲ್ಲ, ವಾಪಸ್ ಹೋಗು ಎಂದು ಒತ್ತಾಯಿಸಲಿಲ್ಲ. ಎಲ್ಲ ಸೇರಿ ಒಂದೇ ಸಲಕ್ಕೆ ಏಳು ಲಕ್ಷ ಕೊಡುತ್ತೇನೆ, ಮುಂದೆ ಏನೂ ಕೇಳಬಾರದು ಎಂದರು ನನ್ನ ಗಂಡ. ಏಳು ಲಕ್ಷವನ್ನು ಒಟ್ಟಿಗೆ ನಾನು ಎಂದೂ ಕಂಡವಳಲ್ಲ, ಒಂದು ಕ್ಷಣ ಮನಸ್ಸು ಆಡಿತು. ಕಾಗದದ ಹಿಂಬದಿಯಲ್ಲಿ ಭಾಗಾಕಾರ ಮಾಡಿದೆ. ಮಗನಿಗೆ ಹದಿನೆಂಟು ತುಂಬಲು 13 ವರ್ಷ, ಅಂದರೆ 156 ತಿಂಗಳು. ತಿಂಗಳಿಗೆ 4,487 ರೂಪಾಯಿ, ಮೂರು ಜನರಿಗೆ. ಬೇಡ ಎಂದೆ. ತಾಯಿ ಏನು ಬರೆದುಕೊಟ್ಟರೂ ಮಕ್ಕಳ ಹಕ್ಕು ಅದರಿಂದ ಹೋಗುವುದಿಲ್ಲ ಎಂದು ವಕೀಲೆ ಆ ದಿನ ತಿಳಿಸಿದ್ದು ನನಗೆ ಧೈರ್ಯ ಕೊಟ್ಟಿತು.

ಮಧ್ಯಂತರ ಆದೇಶ ಬಂದದ್ದು 2023ರ ಜನವರಿಯಲ್ಲಿ: ನನಗೆ 4,000, ಮಕ್ಕಳಿಗೆ ತಲಾ 2,000. ನೋಟಿಸು ಜಾರಿಯಾದ ಅರವತ್ತು ದಿನಗಳ ಒಳಗೆ ಸಾಧ್ಯವಾದಷ್ಟೂ ಇತ್ಯರ್ಥ ಮಾಡಬೇಕೆಂದು ಕಾನೂನಿನಲ್ಲಿಯೇ ಬರೆದಿದೆ. ನನಗೆ ಒಂಬತ್ತು ತಿಂಗಳು ಹಿಡಿಯಿತು. ಆ ಒಂಬತ್ತು ತಿಂಗಳಲ್ಲಿ ಮಗಳ ಸಂಗೀತ ತರಗತಿ ನಿಂತಿತು, ಅಮ್ಮನ ಎರಡು ಬಳೆ ಅಡವಿಗೆ ಹೋದವು. ಶಾಲೆಯವರು ಶುಲ್ಕಕ್ಕೆ ಅವಧಿ ಕೊಟ್ಟರು ಎಂಬುದನ್ನು ನಾನು ಮರೆಯುವುದಿಲ್ಲ.

ಅಂತಿಮ ಆದೇಶ 2024ರ ಜುಲೈ 18ರಂದು. ಗಂಡನ ಆದಾಯವನ್ನು ತಿಂಗಳಿಗೆ 60,000 ಎಂದು ಹಿಡಿದು, ನನಗೆ 6,000, ಮಗಳಿಗೆ 5,000, ಮಗನಿಗೆ 5,000 ಎಂದು ಬರೆದರು. ನಾನು ಕೇಳಿದ್ದು 30,000. ಸಿಕ್ಕಿದ್ದು 16,000. ಅಮ್ಮನ ಮನೆಯಲ್ಲಿರುವುದರಿಂದ ಬಾಡಿಗೆ ಇಲ್ಲ ಎಂಬುದನ್ನೂ, ಅತ್ತೆಯವರ ಔಷಧಿ ಖರ್ಚನ್ನೂ ಲೆಕ್ಕ ಹಾಕಿದ್ದಾರೆ. ಎರಡನೆಯದು ನ್ಯಾಯವೇ. ಮೊದಲನೆಯದನ್ನು ನಾನು ಈಗಲೂ ಒಪ್ಪಲಾರೆ: ಎಪ್ಪತ್ತು ವರ್ಷದ ನನ್ನ ತಾಯಿ ಸೂರು ಕೊಟ್ಟರೆ ಅದರ ಲಾಭ ಅವರ ಅಳಿಯನಿಗೇಕೆ ಸಿಗಬೇಕು?

ಮೂವರಿಗೂ ಬೇರೆ ಬೇರೆಯಾಗಿ ಮೊತ್ತ ಬರೆದಿರುವುದು ಮುಖ್ಯ. ನಾಳೆ ನಾನು ಮರುಮದುವೆಯಾದರೆ ನನ್ನ ಭಾಗ ಮಾತ್ರ ನಿಲ್ಲುತ್ತದೆ, ಮಕ್ಕಳದು ನಿಲ್ಲುವುದಿಲ್ಲ. ಮಗಳಿಗೆ ಹದಿನೆಂಟು ತುಂಬಿದ ಮೇಲೂ ಮದುವೆಯಾಗದೆ, ಸ್ವಂತ ಆದಾಯವಿಲ್ಲದೆ ಓದುತ್ತಿದ್ದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಲ್ಲಿ ಕೇಳಬಹುದು. ಪುಸ್ತಕವನ್ನು ಮೂರು ಭಾಗ ಮಾಡಿಸಿದ ಆ ಶಿಕ್ಷಕಿಗೆ ಇದು ಮೊದಲ ದಿನವೇ ತಿಳಿದಿತ್ತು. ಮಗಳ ವ್ಯಾನಿನ 1,100, ಕನ್ನಡಕದ 1,800, ಮಗನ ಇನ್‌ಹೇಲರಿನ ಚೀಟಿಗಳು ಎಲ್ಲವೂ ತೀರ್ಪಿನಲ್ಲಿ ಒಂದೊಂದಾಗಿ ಕಾಣಿಸಿವೆ.

ಹಣ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಇದೂ 2020ರ ಆ ತೀರ್ಪಿನಿಂದ ಗಟ್ಟಿಯಾದ ನಿಯಮ. 27 ತಿಂಗಳಿಗೆ 4,32,000. ಮಧ್ಯಂತರವಾಗಿ ಹದಿನಾಲ್ಕು ತಿಂಗಳು ಕೊಟ್ಟಿದ್ದ 1,12,000 ಕಳೆದರೆ ಬಾಕಿ 3,20,000. ಆದೇಶದ ಕಾಗದ ಕೈಗೆ ಬಂದರೆ ಹಣ ಬಂದಂತೆ ಎಂದುಕೊಳ್ಳಬೇಡಿ. ಒಂದು ರೂಪಾಯಿಯೂ ಬರಲಿಲ್ಲ. ಆಗಸ್ಟ್‌ನಲ್ಲಿ ವಸೂಲಿಗೆ ಅರ್ಜಿ ಹಾಕಿದೆವು. ಅದಕ್ಕೆ ಮತ್ತೆ ಹೊಸದಾಗಿ ನೆರವಿನ ಅರ್ಜಿ ಕೊಡಬೇಕಾಯಿತು, ಅದೇ ವಕೀಲೆಯೇ ಬೇಕೆಂದು ಕೇಳಿ ಪಡೆದೆ. ಜಪ್ತಿ ವಾರಂಟ್ ಹೊರಟಿತು. ಕೊಡದಿದ್ದರೆ ಬಾಕಿಯಿರುವ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳುಹಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ. ಅಲ್ಲಿಯವರೆಗೆ ಹೋಗಲಿಲ್ಲ. ಮುಂದಿನ ವಾಯಿದೆಗೆ ಎರಡು ಲಕ್ಷ ತಂದು ಕಟ್ಟಿದರು, ಉಳಿದದ್ದಕ್ಕೆ ಇಪ್ಪತ್ತು ಸಾವಿರದಂತೆ ಆರು ಕಂತು. ಮೊದಲ ಕಂತಿನಲ್ಲಿ ಅಮ್ಮನ ಬಳೆ ಬಿಡಿಸಿದೆ.

ಡಿಸೆಂಬರ್‌ನಲ್ಲಿ ವಿಚ್ಛೇದನವಾಯಿತು. ವಿಚ್ಛೇದನವಾದರೆ ಜೀವನಾಂಶ ನಿಲ್ಲುತ್ತದೆ ಎಂದು ಅವರ ಕಡೆಯವರು ಊರಿನಲ್ಲಿ ಹೇಳಿಕೊಂಡು ತಿರುಗಿದರಂತೆ. ಅದು ತಪ್ಪು. ಮರುಮದುವೆಯಾಗದ ವಿಚ್ಛೇದಿತೆಗೂ ಆ 125ನೇ ಕಲಂ (ಈಗಿನ 144) ಅನ್ವಯಿಸುತ್ತದೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲಿ ಶಾಶ್ವತ ಜೀವನಾಂಶ ಕೇಳುವಾಗ, ಹಿಂದಿನ ಆದೇಶವನ್ನು ಮುಚ್ಚಿಡದೆ ತಿಳಿಸಿದೆವು. ನ್ಯಾಯಾಲಯ ಅದೇ ಮಾಸಿಕ ಮೊತ್ತವನ್ನು ಮುಂದುವರಿಸಿತು.

ಒಂದು ವಿಷಯದಲ್ಲಿ ನಾವು ಎಡವಿದೆವು. ವರ್ಷದಿಂದ ವರ್ಷಕ್ಕೆ ಮೊತ್ತ ಹೆಚ್ಚಿಸಬೇಕು ಎಂದು ಅರ್ಜಿಯಲ್ಲಿ ಕೇಳಿರಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯನ್ನು ಆದೇಶದಲ್ಲಿಯೇ ಬರೆದದ್ದನ್ನು ಪತ್ರಿಕೆಯಲ್ಲಿ ಓದಿದಾಗ ಹೊಟ್ಟೆಯುರಿಯಿತು. ನೀವು ಅರ್ಜಿ ಬರೆಸುವಾಗ ಆ ಒಂದು ಸಾಲನ್ನು ತಪ್ಪದೆ ಸೇರಿಸಿ. ನಾನು ಮಗಳು ಕಾಲೇಜು ಸೇರುವಾಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಲ್ಲಿ ಹೆಚ್ಚಳಕ್ಕೆ ಬೇರೆ ಅರ್ಜಿ ಹಾಕಬೇಕಾಗುತ್ತದೆ.

ಈ ಸೇವೆಯನ್ನು ಬಳಸುವವರಿಗೆ ಇನ್ನೆರಡು ಮಾತು. ಮೊದಲ ದಿನವೇ ಕೇಸಿನ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ದಿನ ಏನಾಯಿತು ಎಂಬುದನ್ನು ಯಾರನ್ನೂ ಕಾಡದೆ ನೋಡಬಹುದು. ನೇಮಕವಾದ ವಕೀಲರಾಗಲಿ, ಗುಮಾಸ್ತರಾಗಲಿ ಹಣ ಕೇಳಿದರೆ ಕೊಡಬೇಡಿ, ಕಾರ್ಯದರ್ಶಿಯವರಿಗೆ ತಿಳಿಸಿ. ನನ್ನನ್ನು ಯಾರೂ ಕೇಳಲಿಲ್ಲ ಎಂಬುದನ್ನು ಸಂತೋಷದಿಂದ ದಾಖಲಿಸುತ್ತೇನೆ.

ಆರು ಕಂತುಗಳೂ ಬಂದಿವೆ. ತಿಂಗಳ ಹಣ ನೇರವಾಗಿ ಖಾತೆಗೆ ಬೀಳುತ್ತದೆ, ಸಾಮಾನ್ಯವಾಗಿ ಹತ್ತನೇ ತಾರೀಖಿನ ಒಳಗೆ. ಕಳೆದ ತಿಂಗಳದ್ದು ಇನ್ನೂ ಬಂದಿಲ್ಲ. ಬಾಕಿ ಬಿದ್ದ ದಿನದಿಂದ ಒಂದು ವರ್ಷದ ಒಳಗೆ ವಸೂಲಿಗೆ ಅರ್ಜಿ ಹಾಕಬೇಕು, ತಡವಾದರೆ ಆ ದಾರಿಯಲ್ಲಿ ಸಿಗುವುದಿಲ್ಲ. ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಬರೆದಿಟ್ಟಿದ್ದೇನೆ.